ಮೂತ್ರಪಿಂಡ ರೋಗವೂ ಯೂರೋಪಿನ ಕೂಡುಬೊಕ್ಕಸವೂ

2025ನೆಯ ಇಸವಿಯ ಮೇ ತಿಂಗಳಲ್ಲಿ ಜಿನೀವಾ ನಗರದಲ್ಲಿ ನೆರೆದಿದ್ದ ವಿಶ್ವ ಆರೋಗ್ಯ ಮಹಾಸಭೆಯು ಮೂತ್ರಪಿಂಡಗಳ ಆರೋಗ್ಯವನ್ನು ಕುರಿತು ಪ್ರತ್ಯೇಕವಾದೊಂದು ನಿರ್ಣಯವನ್ನು ಮೊಟ್ಟಮೊದಲಿಗೆ ಅಂಗೀಕರಿಸಿತು. ಅದನ್ನು ಮುಂದೆ ತಂದ ರಾಷ್ಟ್ರವು ಯೂರೋಪಿನ ಯಾವ ಸಿರಿವಂತ ರಾಷ್ಟ್ರವೂ ಅಲ್ಲ, ಮಧ್ಯ ಅಮೆರಿಕದ ಸಣ್ಣ ದೇಶವಾದ ಗ್ವಾಟೆಮಾಲಾ. ಭೂಮಂಡಲದಲ್ಲಿ ಸುಮಾರು 85 ಕೋಟಿ ಜನರು ಒಂದಲ್ಲ ಒಂದು ಬಗೆಯ ಮೂತ್ರಪಿಂಡ ರೋಗಕ್ಕೆ ಈಡಾಗಿರುವರೆಂದು ಆ ಶಾಸ್ತ್ರದ ಪರಿಷತ್ತುಗಳು 2018ರಲ್ಲಿಯೇ ಲೆಕ್ಕಹಾಕಿ ಸಾರಿದ್ದುವು. ಇಷ್ಟು ಜನರನ್ನು ಪೀಡಿಸುವ ರೋಗವು ಮಹಾಸಭೆಯ ಗಮನಕ್ಕೆ ಬರಲು ಇಷ್ಟು ಕಾಲ ಹಿಡಿಯಿತಲ್ಲಾ ಎಂದು ನಾವು ಆಶ್ಚರ್ಯಪಡುವುದಿಲ್ಲ. ಜ್ವರದಂತೆ ಇದು ಮೈಯನ್ನು ಸುಡುವುದಿಲ್ಲ, ಕ್ಷಯದಂತೆ ಕೆಮ್ಮಿಸುವುದಿಲ್ಲ. ಮೂತ್ರಪಿಂಡದ ಮುಕ್ಕಾಲು ಪಾಲು ಶಕ್ತಿ ಕುಂದುವವರೆಗೂ ಮನುಷ್ಯನು ತಾನು ಆರೋಗ್ಯವಾಗಿರುವೆನೆಂದೇ ನಂಬಿ ಕಚೇರಿಗೆ ಹೋಗಿಬರುತ್ತಿರುತ್ತಾನೆ. ಸದ್ದುಮಾಡದ ರೋಗಕ್ಕೆ ಆಯವ್ಯಯ ಪತ್ರಿಕೆಯಲ್ಲಿ ಸ್ಥಾನ ದೊರೆಯುವುದು ಎಲ್ಲ ದೇಶಗಳಲ್ಲಿಯೂ ಕಷ್ಟವೇ.

ನಿರ್ಣಯವನ್ನು ಬರೆಯಲು ಕಾಗದ ಸಾಕು. ರೋಗದ ಮರ್ಮವನ್ನು ಅರಿಯಲು ಹಣ ಬೇಕು. ಆ ಹಣವನ್ನು ಯಾರು ಕೊಡಬೇಕು, ಯಾವ ಕೆಲಸಕ್ಕೆ ಕೊಡಬೇಕು, ಎಷ್ಟು ಕಾಲ ಕೊಡಬೇಕು ಎಂಬ ಮೂರು ಪ್ರಶ್ನೆಗಳ ವಿಷಯದಲ್ಲಿ ಯೂರೋಪು ಖಂಡದ ಅರುವತ್ತು ವರ್ಷಗಳ ಅನುಭವವು ವಿಚಾರಮಾಡತಕ್ಕದ್ದಾಗಿದೆ. ಅಲ್ಲಿಯ ವೈದ್ಯಶಾಲೆಗಳು ರಾಷ್ಟ್ರಗಳ ಎಲ್ಲೆಗಳನ್ನು ದಾಟಿ ಕೂಡಿ ದುಡಿದ ಬಗೆಯಲ್ಲಿ ಮೆಚ್ಚತಕ್ಕ ಅಂಶಗಳು ಬಹಳ ಇವೆ. ಮರುಕಪಡತಕ್ಕ ಅಂಶಗಳೂ ಕಡಮೆಯಿಲ್ಲ.

ಮೂತ್ರಪಿಂಡ ರೋಗವೆಂಬುದು ಒಂದು ರೋಗವಲ್ಲವೆಂಬುದನ್ನು ವಾಚಕರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಕೆಡುವ ಮೂತ್ರಪಿಂಡ ಬೇರೆ, ರಕ್ತದೊತ್ತಡದಿಂದ ಕೆಡುವುದು ಬೇರೆ, ಹುಟ್ಟಿನಿಂದಲೇ ರಚನೆ ತಪ್ಪಿದ್ದು ಬೇರೆ, ವಂಶಪಾರಂಪರ್ಯವಾಗಿ ನೀರ್ಗುಳ್ಳೆಗಳು ತುಂಬಿಕೊಳ್ಳುವುದು ಬೇರೆ. ಇವುಗಳಲ್ಲಿ ಮೊದಲಿನ ಎರಡನ್ನು ಬಿಟ್ಟರೆ ಮಿಕ್ಕವುಗಳಲ್ಲಿ ಹೆಚ್ಚಿನವು ವಿರಳವಾದುವು. ಹತ್ತು ಸಾವಿರ ಜನರಲ್ಲಿ ಐವರಿಗಿಂತ ಹೆಚ್ಚು ಮಂದಿಗೆ ಬಾರದ ರೋಗವನ್ನು ಯೂರೋಪಿಯನ್ ಒಕ್ಕೂಟದ ಕಾಯಿದೆಯು ವಿರಳವೆಂದು ಕರೆಯುತ್ತದೆ. ಮಕ್ಕಳ ವಿಷಯದಲ್ಲಂತೂ ಡಯಾಲಿಸಿಸ್ ಯಂತ್ರವಾಗಲಿ, ಬೇರೊಬ್ಬರ ಮೂತ್ರಪಿಂಡವಾಗಲಿ ಇಲ್ಲದೆ ಬದುಕಲಾರದ ಸ್ಥಿತಿಗೆ ಬರುವವರು ಅಲ್ಲಿ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು ಐದಾರು ಮಂದಿ ಮಾತ್ರ. ಒಂದು ನಗರದ ದೊಡ್ಡ ಆಸ್ಪತ್ರೆಯ ವೈದ್ಯನು ತನ್ನ ಇಡೀ ಜೀವಮಾನದಲ್ಲಿ ಕಂಡ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಈ ಔಷಧವು ಮೇಲೋ ಆ ಔಷಧವು ಮೇಲೋ ಎಂಬುದನ್ನು ನಿರ್ಧರಿಸುವಷ್ಟು ಸಂಖ್ಯೆ ಆಗುವುದಿಲ್ಲ. ಜೊತೆಗೆ ರೋಗವು ಬೆಳೆಯುವುದು ಆಮೆಯ ನಡಿಗೆಯಲ್ಲಿ. ಇಂದು ಕೊಟ್ಟ ಮದ್ದಿನ ಫಲ ತಿಳಿಯಬೇಕಾದರೆ ಐದು ವರ್ಷ, ಹತ್ತು ವರ್ಷ ಕಾಯಬೇಕು. ಆದುದರಿಂದ ಈ ಸಂಶೋಧನೆಗೆ ಬೇಕಾದುದು ಮೇಧಾವಿಯಾದ ಒಬ್ಬ ಪಂಡಿತನೂ ಅವನಿಗೊಂದು ಭವ್ಯವಾದ ಪ್ರಯೋಗಶಾಲೆಯೂ ಮಾತ್ರವಲ್ಲ; ಬಹು ಊರುಗಳ ವೈದ್ಯರು ಒಂದೇ ರೀತಿಯಲ್ಲಿ ಅಳೆದು, ಒಂದೇ ರೀತಿಯಲ್ಲಿ ಬರೆದು, ಬಹುಕಾಲ ಬಿಡದೆ ಇಡತಕ್ಕ ಲೆಕ್ಕ.

ಇಂತಹ ಕೆಲಸಕ್ಕೆ ಸಂಸ್ಥೆಯೊಂದು ನೆರವಾದ ಹಳೆಯ ನಿದರ್ಶನ ಲಂಡನ್ನಿನದು. ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯನು 1827ರಲ್ಲಿ, ಮೈ ಬಾತುಕೊಂಡ ರೋಗಿಗಳ ಮೂತ್ರವನ್ನು ಕಾಸಿದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದನ್ನೂ, ಅಂಥವರು ಸತ್ತ ಮೇಲೆ ಮೂತ್ರಪಿಂಡಗಳು ಕೆಟ್ಟಿರುವುದನ್ನೂ ಜೊತೆಗೂಡಿಸಿ ತೋರಿಸಿದನು. ಆತನ ಉಪಕರಣವೆಂದರೆ ಒಂದು ಚಮಚ, ಒಂದು ಮೇಣದ ಬತ್ತಿ. 1842ರಲ್ಲಿ ಅದೇ ಆಸ್ಪತ್ರೆಯವರು 42 ಹಾಸಿಗೆಗಳನ್ನೂ, ಅವಕ್ಕೆ ಹೊಂದಿಕೊಂಡ ಪ್ರಯೋಗಶಾಲೆಯನ್ನೂ ಈ ರೋಗಿಗಳಿಗಾಗಿಯೇ ಆತನ ವಶಕ್ಕೆ ಬಿಟ್ಟುಕೊಟ್ಟರು. ಒಂದು ಆಸ್ಪತ್ರೆ ಮಾಡಬಹುದಾದುದರ ಮೇರೆ ಅದು.

ನೂರು ವರ್ಷಗಳ ತರುವಾಯ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನು ನಾಜಿಗಳ ಆಕ್ರಮಣದ ಕೆಳಗೆ ಸಾಮಗ್ರಿಯೇ ದೊರೆಯದಿದ್ದ ಕಾಲದಲ್ಲಿ ಮರದ ಪಟ್ಟಿಗಳ ಉರುಳೆಗೆ ಸೆಲೋಫೇನ್ ಕೊಳವೆಯನ್ನು ಸುತ್ತಿ ಕೃತಕ ಮೂತ್ರಪಿಂಡವನ್ನು ಕಟ್ಟಿದನು. ಆ ಕೊಳವೆ ಮಾಂಸದ ಅಡಿಗೆಯವರು ಸುರುಳಿ ತುಂಬಲು ಬಳಸತಕ್ಕದ್ದು. 1943ರಲ್ಲಿ ಆರಂಭವಾದ ಪ್ರಯತ್ನದಲ್ಲಿ ರೋಗಿಗಳು ಒಬ್ಬರ ಹಿಂದೊಬ್ಬರಂತೆ ತೀರಿಹೋದರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಹೆಂಗಸೊಬ್ಬಳು ಈ ಯಂತ್ರದಿಂದ ಬದುಕಿಕೊಂಡಳು. ಆಕೆಯು ಶತ್ರುಗಳ ಪಕ್ಷ ವಹಿಸಿದ್ದಳೆಂದು ಸೆರೆಯಲ್ಲಿದ್ದವಳು. ವೈದ್ಯನಿಗೆ ಅದು ಅಡ್ಡಬರಲಿಲ್ಲ. ಯುದ್ಧ ಮುಗಿದ ಮೇಲೆ ಕೋಲ್ಫನು ತನ್ನ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್ ಮೊದಲಾದ ನಗರಗಳ ಆಸ್ಪತ್ರೆಗಳಿಗೆ ಬಿಟ್ಟಿಯಾಗಿ ಕಳುಹಿಸಿಕೊಟ್ಟನು. ಈ ಶಾಸ್ತ್ರದಲ್ಲಿ ದೇಶದೇಶಗಳ ನಡುವಣ ಕೊಡುಕೊಳ್ಳುವಿಕೆಯು ಹೀಗೆ ದಾನದಿಂದ ಮೊದಲಾಯಿತು. ಆದರೆ ದಾನದ ಮೇಲೆ ಅರುವತ್ತು ವರ್ಷ ನಡೆಯುವ ಲೆಕ್ಕವನ್ನು ನಿಲ್ಲಿಸಲಾಗದು.

ಡಯಾಲಿಸಿಸ್ ಯಂತ್ರಗಳು ನಗರನಗರಗಳಲ್ಲಿ ಕಾಣಿಸಿಕೊಳ್ಳತೊಡಗಿದ ಹೊಸತರಲ್ಲಿ, ಅಂದರೆ 1964ರಲ್ಲಿ, ಯೂರೋಪಿನ ವೈದ್ಯರು ಆಮ್‌ಸ್ಟರ್‌ಡ್ಯಾಮಿನಲ್ಲಿ ತಮ್ಮ ಸಂಘದ ಮೊದಲನೆಯ ಸಮ್ಮೇಳನವನ್ನು ನೆರವೇರಿಸಿದರು. ಅದೇ ವರ್ಷ ಒಂದು ರಿಜಿಸ್ಟರನ್ನೂ ತೆರೆದರು. ಯಾವ ದೇಶದಲ್ಲಿ ಎಷ್ಟು ಮಂದಿ ಯಂತ್ರದ ಮೇಲೆ ಇದ್ದಾರೆ, ಎಷ್ಟು ಮಂದಿಗೆ ಮೂತ್ರಪಿಂಡ ಕಸಿಯಾಯಿತು, ಎಷ್ಟು ಮಂದಿ ಬದುಕಿದರು ಎಂಬುದಷ್ಟೇ ಅದರ ವಿಷಯ. ನೋಡಲು ಶಾನುಭೋಗರ ಖಿರ್ದಿ ಪುಸ್ತಕದಂತಹ ಈ ದಾಖಲೆಯು ಮುಂದೆ ಲಂಡನ್ನಿಗೆ ಹೋಯಿತು. 2000ದಲ್ಲಿ ಮರಳಿ ಆಮ್‌ಸ್ಟರ್‌ಡ್ಯಾಮಿಗೆ ಬಂದಿತು. ಇಂದು ಮೂವತ್ತಕ್ಕೂ ಹೆಚ್ಚು ದೇಶಗಳ ಅಂಕಿಗಳು ಅದರಲ್ಲಿ ಸೇರುತ್ತವೆ. ಇದನ್ನು ಸಲಹುವ ಸಂಘದ ಈಗಿನ ಹೆಸರು ಯೂರೋಪಿಯನ್ ರೀನಲ್ ಅಸೋಸಿಯೇಷನ್. ಇಪ್ಪತ್ತು ವರ್ಷಗಳ ಹಿಂದೆಯಷ್ಟೇ ಒಬ್ಬರ ನಗರಗಳನ್ನೊಬ್ಬರು ಸುಟ್ಟಿದ್ದ ರಾಷ್ಟ್ರಗಳ ವೈದ್ಯರು ಒಂದೇ ಪುಸ್ತಕದಲ್ಲಿ ತಮ್ಮ ಸಾವುಗಳನ್ನು ಬರೆದಿಡಲು ಒಪ್ಪಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಯಾವ ವೈದ್ಯನಿಗೂ ತನ್ನ ಮನೆಯ ಸೋಲನ್ನು ನೆರೆಯವನಿಗೆ ತೋರಿಸುವುದು ಇಷ್ಟವಿರುವುದಿಲ್ಲ.

ಕೂಡುಬೊಕ್ಕಸದ ನಿಜವಾದ ಬೆಲೆಯು ತಿಳಿಯಬೇಕಾದರೆ ಎಸ್ಕೇಪ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಪರೀಕ್ಷೆಯನ್ನು ನೋಡಬೇಕು. ಮೂತ್ರಪಿಂಡ ಕುಂದುತ್ತಿರುವ ಮಕ್ಕಳ ರಕ್ತದೊತ್ತಡವನ್ನು ಎಷ್ಟಕ್ಕೆ ಇಳಿಸಬೇಕೆಂಬುದು ಅದರ ಪ್ರಶ್ನೆ. ಆ ವಯಸ್ಸಿನ ಮಕ್ಕಳಿಗೆ ಸಹಜವೆಂದು ಒಪ್ಪಿದ ಮಿತಿಯೊಳಗೆ ಇದ್ದರೆ ಸಾಕೇ, ಇಲ್ಲವೆ ಆ ಮಿತಿಯ ಕೆಳಗಿನ ಅರ್ಧಕ್ಕೆ ಇಳಿಸಿದರೆ ಮೂತ್ರಪಿಂಡಕ್ಕೆ ಹೆಚ್ಚು ಆಯುಷ್ಯವೇ? ಜರ್ಮನಿಯ ಹೈಡೆಲ್‌ಬರ್ಗ್ ನಗರದ ಮಕ್ಕಳ ವೈದ್ಯರು ಮುಂದಾಳುಗಳಾಗಿ ನಿಂತು 13 ದೇಶಗಳ 33 ವೈದ್ಯಶಾಲೆಗಳನ್ನು ಕೂಡಿಸಿದರು. ಇಷ್ಟು ದೊಡ್ಡ ಬಲೆಯನ್ನು ಬೀಸಿದಾಗ ಸಿಕ್ಕ ಮಕ್ಕಳು 385 ಮಂದಿ. ಮೂರು ವರ್ಷದವರಿಂದ ಹದಿನೆಂಟು ವರ್ಷದವರೆಗಿನವರು. ಎಲ್ಲರಿಗೂ ರಾಮಿಪ್ರಿಲ್ ಎಂಬ, ವಯಸ್ಕರಲ್ಲಿ ಆಗಲೇ ಬಳಕೆಗೆ ಬಂದಿದ್ದ ಔಷಧವನ್ನು ಕೊಟ್ಟರು. ಅರ್ಧದಷ್ಟು ಮಕ್ಕಳಲ್ಲಿ ಬೇರೆ ಸಾಮಾನ್ಯ ಔಷಧಗಳನ್ನೂ ಸೇರಿಸಿ ಒತ್ತಡವನ್ನು ಇನ್ನಷ್ಟು ತಗ್ಗಿಸಿದರು. ದಿನದ ಇಪ್ಪತ್ತನಾಲ್ಕು ಗಂಟೆಯೂ ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ಅಳೆಯುವ ಯಂತ್ರದಿಂದ ಮತ್ತೆ ಮತ್ತೆ ಪರೀಕ್ಷಿಸುತ್ತ, ಒಂದೊಂದು ಮಗುವನ್ನೂ ಐದು ವರ್ಷಗಳ ಗುರಿಯಿಟ್ಟು ಹಿಂಬಾಲಿಸಿದರು. 1998ರಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವ ಕೆಲಸ ಮೊದಲಾಯಿತು. ಫಲಿತಾಂಶವು ಅಚ್ಚಾದುದು 2009ರಲ್ಲಿ.

ಫಲಿತಾಂಶವಿದು. ಸಾಮಾನ್ಯ ಮಟ್ಟದ ಒತ್ತಡದಲ್ಲಿ ಇರಿಸಿದ ಮಕ್ಕಳಲ್ಲಿ ನೂರಕ್ಕೆ 41.7 ಪಾಲಿನವರು ಮೂತ್ರಪಿಂಡದ ಅರ್ಧ ಶಕ್ತಿಯನ್ನು ಕಳೆದುಕೊಂಡರು, ಇಲ್ಲವೆ ಡಯಾಲಿಸಿಸ್ಸಿನ ಹೊಸ್ತಿಲಿಗೆ ಬಂದರು. ಹೆಚ್ಚು ತಗ್ಗಿಸಿದವರಲ್ಲಿ ಈ ಗತಿ ಬಂದದ್ದು 29.9 ಪಾಲಿನವರಿಗೆ. ಎಂದರೆ ನೂರು ಮಕ್ಕಳಲ್ಲಿ ಹನ್ನೆರಡು ಮಂದಿಗೆ ಆ ಐದು ವರ್ಷಗಳ ಮಟ್ಟಿಗೆ ಯಂತ್ರದ ಸೆರೆ ತಪ್ಪಿತು, ಅಥವಾ ಅದರ ಕಡೆಗಿನ ಓಟ ತಡೆಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗುವ ಮಗುವಿನ ಹಾಸಿಗೆಯ ಪಕ್ಕದಲ್ಲಿ ಕುಳಿತ ತಾಯಿಯನ್ನು ಯಾರಾದರೂ ಕಂಡಿದ್ದರೆ ಈ ಹನ್ನೆರಡರ ಅರ್ಥವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಪರೀಕ್ಷೆಯಿಂದ ಹೊರಬಂದುದು ಹೊಸ ಮಾತ್ರೆಯಲ್ಲ, ಒಂದು ಅಂಕಿ. ಒತ್ತಡವನ್ನು ಎಲ್ಲಿಗೆ ಇಳಿಸಬೇಕೆಂಬ ಅಂಕಿಯನ್ನು ಯಾರೂ ಸೀಸೆಯಲ್ಲಿ ತುಂಬಿ ಮಾರಲಾರರು. ಮಾರಲಾಗದ ಜ್ಞಾನಕ್ಕೆ ವರ್ತಕನು ಬಂಡವಾಳ ಹೂಡುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಂತೆಯೇ ಯಾವ ಒಂದು ರಾಷ್ಟ್ರದ ಸರ್ಕಾರವೂ ತನ್ನ ಪ್ರಜೆಗಳು ಸಲ್ಲಿಸಿದ ತೆರಿಗೆಯಿಂದ ಹನ್ನೆರಡು ಪರರಾಷ್ಟ್ರಗಳ ಮಕ್ಕಳ ಲೆಕ್ಕವಿಡಲು ಸುಲಭವಾಗಿ ಒಪ್ಪದು. ಈ ಎರಡು ನಿರಾಕರಣೆಗಳ ನಡುವೆ ಬಿದ್ದುಹೋಗುತ್ತಿದ್ದ ಕೆಲಸವನ್ನು ಯೂರೋಪಿಯನ್ ಕಮಿಷನ್ನಿನ ಐದನೆಯ ಸಂಶೋಧನಾ ಕಾರ್ಯಕ್ರಮದ ಹಣವೂ, ಜರ್ಮನಿಯ ಪ್ರತಿಷ್ಠಾನಗಳು ಕೊಟ್ಟ ಹಣವೂ ಹಿಡಿದೆತ್ತಿದವು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಹದಿಮೂರು ದೇಶಗಳ ಕಡ್ಡಿಗಳು ಕೂಡಿದ ಮೇಲೆ ಬಂದ ಹೊರೆ 385 ಮಕ್ಕಳದು ಮಾತ್ರ ಎಂಬುದನ್ನು ನೆನೆದರೆ, ಕೂಡದಿದ್ದಲ್ಲಿ ಏನಾಗುತ್ತಿತ್ತೆಂದು ಊಹಿಸಬಹುದು.

ವರ್ತಕರು ಹಣ ಕೊಟ್ಟಾಗ ಕೆಲಸವು ಎಷ್ಟು ವೇಗವಾಗಿ ನಡೆಯುವುದೆಂಬುದಕ್ಕೂ ಉದಾಹರಣೆಯಿದೆ. ಸಕ್ಕರೆ ಕಾಯಿಲೆಗಾಗಿ ಹುಟ್ಟಿದ ಎಂಪಾಗ್ಲಿಫ್ಲೋಜಿನ್ ಎಂಬ ಔಷಧವು ಮೂತ್ರಪಿಂಡವನ್ನೂ ಕಾಪಾಡುವುದೇ ಎಂದು ನೋಡಲು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ಎಂಟು ದೇಶಗಳಲ್ಲಿ 6,609 ರೋಗಿಗಳನ್ನು ಕೂಡಿಸಿದರು. ಔಷಧದ ಒಡೆಯರಾದ ಕಂಪೆನಿಗಳೇ ವೆಚ್ಚವನ್ನು ವಹಿಸಿದ್ದುವು. ಫಲವು ನಿಚ್ಚಳವಾಗಿ ಕಂಡುಬಂದುದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ 2022ರಲ್ಲಿ ಪ್ರಕಟಿಸಿದರು: ರೋಗವು ಉಲ್ಬಣಿಸಿದವರು, ಇಲ್ಲವೆ ಹೃದ್ರೋಗದಿಂದ ತೀರಿಕೊಂಡವರು ಔಷಧ ಪಡೆದವರಲ್ಲಿ ನೂರಕ್ಕೆ 13.1, ಪಡೆಯದವರಲ್ಲಿ 16.9. ಇದು ಲೋಕಕ್ಕೆ ದೊಡ್ಡ ಉಪಕಾರವೇ ಸರಿ. ವ್ಯಾಪಾರದ ಹಣದಿಂದ ಬಂದಿತೆಂದು ನಾವು ಅದನ್ನು ಹಳಿಯುವುದಿಲ್ಲ.

ಇದರ ಪಕ್ಕದಲ್ಲಿ ಸಾರ್ವಜನಿಕ ಹಣದ ಇನ್ನೊಂದು ಪ್ರಯತ್ನವನ್ನು ಇಡೋಣ. ಪ್ರಯಾರಿಟಿ ಎಂಬುದು ಅದರ ಹೆಸರು. ಕೋಪನ್‌ಹೇಗನ್ನಿನ ವೈದ್ಯರು ಅದರ ಮುಂದಾಳುಗಳು. ಹಣ ಒಕ್ಕೂಟದ ಏಳನೆಯ ಕಾರ್ಯಕ್ರಮದ್ದು. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿಯ ಸೂಕ್ಷ್ಮ ಪ್ರೋಟೀನುಗಳ ಗುರುತನ್ನು ಹಿಡಿದು, ಮುಂದೆ ಯಾರ ಮೂತ್ರಪಿಂಡ ಕೆಡುವುದೆಂದು ಮೊದಲೇ ಹೇಳಬಹುದೇ ಎಂಬುದು ಒಂದು ಪ್ರಶ್ನೆ. ಹಾಗೆ ಗುರುತಿಸಿದವರಿಗೆ ಸ್ಪಿರೊನೊಲಾಕ್ಟೋನ್ ಎಂಬ ಹಳೆಯ, ಅಗ್ಗದ ಔಷಧವನ್ನು ಕೊಟ್ಟರೆ ತಡೆಯಬಹುದೇ ಎಂಬುದು ಇನ್ನೊಂದು. 10 ದೇಶಗಳ 15 ಕೇಂದ್ರಗಳಲ್ಲಿ 1,775 ಮಂದಿಯನ್ನು ಪರೀಕ್ಷಿಸಿದರು. ಮೊದಲನೆಯ ಪ್ರಶ್ನೆಗೆ ಹೌದೆಂಬ ಉತ್ತರ ದೊರೆಯಿತು: ಅಪಾಯದ ಗುರುತಿದ್ದವರಲ್ಲಿ ನೂರಕ್ಕೆ 28 ಮಂದಿಗೆ ರೋಗದ ಮೊದಲ ಚಿಹ್ನೆ ಕಂಡರೆ, ಇಲ್ಲದವರಲ್ಲಿ ಕಂಡದ್ದು 9 ಮಂದಿಗೆ. ಎರಡನೆಯ ಪ್ರಶ್ನೆಗೆ ಮಾತ್ರ, ಔಷಧವನ್ನು ಅಥವಾ ಹುಸಿಮಾತ್ರೆಯನ್ನು ಪಡೆಯಲು ಉಳಿದವರು 209 ಮಂದಿ. ಔಷಧದ ಕಡೆ ನೂರಕ್ಕೆ 25, ಹುಸಿಮಾತ್ರೆಯ ಕಡೆ 33. ವ್ಯತ್ಯಾಸವಿರುವಂತೆ ತೋರಿದರೂ ಅದು ಕಾಕತಾಳೀಯವೂ ಆಗಿರಬಹುದಾದಷ್ಟು ಸಂಖ್ಯೆ ಸಣ್ಣದಾಗಿತ್ತು. ಆದಕಾರಣ 2020ರಲ್ಲಿ ಅವರು ಪ್ರಾಮಾಣಿಕವಾಗಿ, ಔಷಧವು ತಡೆಯಿತೆಂದು ಸಿದ್ಧವಾಗಲಿಲ್ಲವೆಂದೇ ಬರೆದರು. ಹಣವು ವ್ಯರ್ಥವಾಯಿತೆಂದು ಕೆಲವರು ಅಂದಾರು. ನಮಗೆ ತೋರುವುದು ಬೇರೆ. ಹೊಸ ಔಷಧಕ್ಕೆ ಆರು ಸಾವಿರ ಜನರನ್ನು ಕೂಡಿಸುವ ಹಣ ಹುಟ್ಟುತ್ತದೆ. ಹಳೆಯ ಅಗ್ಗದ ಔಷಧಕ್ಕೆ ಹತ್ತು ದೇಶಗಳು ಸೇರಿದರೂ ಇನ್ನೂರು ಜನರ ಮೇಲೆ ಬೊಕ್ಕಸ ಬರಿದಾಗುತ್ತದೆ. ಬಡವನಿಗೆ ಎಟುಕುವ ಮದ್ದೇ ಹೀಗೆ ಅರ್ಧ ಪರೀಕ್ಷೆಯಲ್ಲಿ ನಿಂತುಹೋಗುತ್ತದೆ.

ಕೂಡುಬೊಕ್ಕಸವೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಬಾಲ್ಕನ್ ಪ್ರದೇಶದ ಕಥೆಯನ್ನು ಹೇಳಬೇಕು. ಡ್ಯಾನ್ಯೂಬ್ ನದಿ ಮತ್ತು ಅದರ ಉಪನದಿಗಳ ದಡದಲ್ಲಿ ಬಲ್ಗೇರಿಯಾ, ರೊಮೇನಿಯಾ ಮತ್ತು ಅಂದಿನ ಯುಗೋಸ್ಲಾವಿಯ ದೇಶಗಳ ಕೆಲವು ಹಳ್ಳಿಗಳಲ್ಲಿ ರೈತರ ಮೂತ್ರಪಿಂಡಗಳು ಕಾರಣ ತಿಳಿಯದೆ ಕುಗ್ಗಿಹೋಗುತ್ತಿದ್ದುವು. 1950ರ ದಶಕದ ನಡುವಿನಲ್ಲಿ ಬಲ್ಗೇರಿಯದ ವೈದ್ಯರೂ ಸರ್ಬಿಯದ ವೈದ್ಯರೂ ಇದನ್ನು ಬರೆದು ಪ್ರಕಟಿಸಿದರು. ಒಂದು ಮನೆಯಲ್ಲಿ ನಾಲ್ಕು ಮಂದಿ ಸತ್ತರೆ ನೆರೆಮನೆಯಲ್ಲಿ ಒಬ್ಬರೂ ಇಲ್ಲ; ಒಂದು ಹಳ್ಳಿ ಖಾಲಿಯಾದರೆ ಎರಡು ಮೈಲಿ ಆಚೆಯ ಹಳ್ಳಿ ಸುಖವಾಗಿದೆ. ಹೊರಗಿನಿಂದ ಬಂದು ನೆಲಸಿದವರಿಗೂ ಹದಿನೈದಿಪ್ಪತ್ತು ವರ್ಷಗಳ ಮೇಲೆ ರೋಗ ತಗಲುತ್ತಿತ್ತು. ಸೀಸದ ವಿಷವೆಂದು ಒಬ್ಬರು, ಬಾವಿಯ ನೀರಿಗೆ ಸೇರುವ ಕಲ್ಲಿದ್ದಲಿನ ಅಂಶವೆಂದು ಒಬ್ಬರು, ಕಾಳಿಗೆ ಹಿಡಿಯುವ ಬೂಷ್ಟಿನ ನಂಜೆಂದು ಇನ್ನೊಬ್ಬರು. ಪ್ರತಿಯೊಂದು ದೇಶವೂ ತನ್ನ ದಡದ ಹಳ್ಳಿಗಳನ್ನು ತನ್ನ ರೀತಿಯಲ್ಲಿ ಎಣಿಸಿತು.

1969ರಲ್ಲಿ ಇವಿಚ್ ಎಂಬ ಸರ್ಬಿಯದ ವೈದ್ಯನು, ಗೋಧಿಯ ಹೊಲಗಳಲ್ಲಿ ಬೆಳೆಯುವ ಅರಿಸ್ಟೊಲೋಕಿಯ ಎಂಬ ಕಳೆಯ ಬೀಜಗಳು ಸುಗ್ಗಿಯಲ್ಲಿ ಗೋಧಿಯೊಡನೆ ಬೆರೆತು ರೊಟ್ಟಿಯ ಹಿಟ್ಟಿಗೆ ಸೇರುತ್ತಿವೆ, ರೋಗದ ಮೂಲ ಅದೇ ಇರಬೇಕು ಎಂದು ಬರೆದನು. ಆ ಮಾತು ದಶಕಗಳ ಕಾಲ ಬದಿಗೆ ಬಿದ್ದಿತ್ತು. 1990ರ ದಶಕದ ಆರಂಭದಲ್ಲಿ ದೂರದ ಬ್ರಸೆಲ್ಸ್ ನಗರದಲ್ಲಿ, ಮೈ ಕರಗಿಸಲೆಂದು ಚೀನೀ ಮೂಲಿಕೆಗಳನ್ನು ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಹಠಾತ್ತಾಗಿ ಕೆಟ್ಟುಹೋದುವು. ಒಂದು ಮೂಲಿಕೆಯ ಬದಲಿಗೆ ಅರಿಸ್ಟೊಲೋಕಿಯ ಜಾತಿಯ ಇನ್ನೊಂದು ಮೂಲಿಕೆ ಸೇರಿಹೋಗಿದ್ದುದು ಅಲ್ಲಿ ಕಾರಣವಾಗಿತ್ತು. ಕೆಟ್ಟ ಮೂತ್ರಪಿಂಡದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬೆಲ್ಜಿಯಂ ವೈದ್ಯರಿಗೆ ಬಾಲ್ಕನ್ ಹಳ್ಳಿಗಳ ರೋಗದ ನೆನಪಾಯಿತು. ಕೊನೆಗೆ 2007ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದ ಗ್ರೋಲ್ಮನ್ ಎಂಬುವರು ಕ್ರೊಯೇಷಿಯದ ವೈದ್ಯರೊಡನೆ ಕೂಡಿ, ಹಳ್ಳಿಯ ರೋಗಿಗಳ ಅಂಗಾಂಶದಲ್ಲಿ ಈ ಸಸ್ಯದ ವಿಷದ ಗುರುತನ್ನೇ ಎತ್ತಿ ತೋರಿಸಿದರು. ಇವಿಚನ ಬರೆಹಕ್ಕೂ ಈ ಸಾಕ್ಷ್ಯಕ್ಕೂ ನಡುವೆ ಮೂವತ್ತೆಂಟು ವರ್ಷ! ಈ ವಿಳಂಬಕ್ಕೆ ಹಣದ ಅಭಾವವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಅಂಗಾಂಶದಲ್ಲಿ ವಿಷದ ಗುರುತನ್ನು ಓದುವ ವಿದ್ಯೆಯೇ ಬೆಳೆಯಬೇಕಾಗಿತ್ತು. ನಡುವೆ ಯುಗೋಸ್ಲಾವಿಯವು ಯುದ್ಧದಲ್ಲಿ ಒಡೆದು, ಹಳ್ಳಿಗಳ ನಡುವಣ ಸಾವಾ ನದಿಯೇ ಎರಡು ರಾಷ್ಟ್ರಗಳ ಎಲ್ಲೆಯಾಯಿತು. ಆದರೆ ಒಂದೇ ಬಗೆಯ ಎಣಿಕೆ, ಒಂದೇ ಕಡೆ ಕೂಡಿಟ್ಟ ಅಂಗಾಂಶ, ಅವನ್ನು ಕಾಯುವ ಒಂದು ಕಚೇರಿ ಇದ್ದಿದ್ದರೆ ಆ ಕಳೆಯ ಬೀಜವು ಇಷ್ಟು ದೀರ್ಘಕಾಲ ರೊಟ್ಟಿಯಲ್ಲಿ ಅಡಗಿರಲಾರದಾಗಿತ್ತೆಂದು ನಮ್ಮ ದೃಢವಾದ ಭಾವನೆ.

ಈ ಕಥೆ ನಮಗೆ ದೂರದ್ದಲ್ಲ. ಅರಿಸ್ಟೊಲೋಕಿಯ ಕುಲದ ಸಸ್ಯವೊಂದು ನಮ್ಮ ಕಾಡುಗಳಲ್ಲಿಯೂ ಉಂಟು. ಈಶ್ವರಿ ಬಳ್ಳಿಯೆಂದು ಅದನ್ನು ಕರೆದು, ಹಾವಿನ ವಿಷಕ್ಕೆ ಬೇರನ್ನು ಅರೆದು ಕೊಡುವ ರೂಢಿ ಹಳ್ಳಿಗಳಲ್ಲಿದೆ. ಮನೆಮದ್ದೆಂಬ ವಿಶ್ವಾಸದಿಂದ ಅದನ್ನು ಸೇವಿಸುವವರು ಬ್ರಸೆಲ್ಸ್ ನಗರದ ಸಂಗತಿಯನ್ನು ತಿಳಿದಿರುವುದು ಒಳಿತು. ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ರೈತಾಪಿ ಜನರ ಮೂತ್ರಪಿಂಡಗಳು ಕೆಡುತ್ತಿರುವ ವಿಷಯವೂ ವಾಚಕರಿಗೆ ತಿಳಿದದ್ದೇ. ಅದರ ಕಾರಣವು ಬೇರೆಯೇ ಇರಬಹುದು; ಆದರೆ ಹುಡುಕುವ ದಾರಿ ಅದೇ.

ಅದಿರಲಿ. ಯೂರೋಪಿನ ಕೂಡುಬೊಕ್ಕಸದ ಕಟ್ಟಳೆಗಳನ್ನು ಸ್ವಲ್ಪ ನೋಡೋಣ. ಹೊರೈಜನ್ ಯೂರೋಪ್ ಎಂಬ ಹೆಸರಿನ ಕಾರ್ಯಕ್ರಮಕ್ಕೆ 2021ರಿಂದ 2027ರವರೆಗಿನ ಏಳು ವರ್ಷಗಳಿಗೆ 9,550 ಕೋಟಿ ಯೂರೋಗಳನ್ನು ಗೊತ್ತುಪಡಿಸಿದ್ದರು. 2024ರಲ್ಲಿ ಬೇರೆ ಅಗತ್ಯಗಳಿಗಾಗಿ ಅದರಿಂದ 210 ಕೋಟಿಯನ್ನು ತೆಗೆದರು. ಕೂಡಿ ಮಾಡುವ ಕೆಲಸಕ್ಕೆ ಅರ್ಜಿ ಹಾಕುವವರು ಮೂರು ಬೇರೆ ಬೇರೆ ದೇಶಗಳ ಮೂರು ಸ್ವತಂತ್ರ ಸಂಸ್ಥೆಗಳಾದರೂ ಆಗಿರಬೇಕೆಂಬುದು ನಿಯಮ. ಇದು ವಿವೇಕದ ನಿಯಮ. ಹಣದ ಆಸೆಯಿಂದಲಾದರೂ ನೆರೆಯವನೊಡನೆ ಮಾತನಾಡುವಂತೆ ಮಾಡುತ್ತದೆ. ಸಂಶೋಧನೆಯ ನೇರ ವೆಚ್ಚದ ಮೇಲೆ ನೂರಕ್ಕೆ 25ರಷ್ಟನ್ನು ಕಚೇರಿ, ದೀಪ, ಗುಮಾಸ್ತರ ಬಾಬ್ತು ಸೇರಿಸಿ ಕೊಡುವರು. ಇದೂ ಮೆಚ್ಚತಕ್ಕದ್ದೇ. ಲೆಕ್ಕ ಬರೆಯುವವನಿಗೆ ಸಂಬಳವಿಲ್ಲದೆ ಲೆಕ್ಕ ಬೇಕೆನ್ನುವ ದಾತರು ಎಲ್ಲೆಡೆಯೂ ಇದ್ದಾರೆ.

ದೋಷವಿರುವುದು ಅವಧಿಯಲ್ಲಿ. ಗ್ರಾಂಟು ಸಾಮಾನ್ಯವಾಗಿ ನಾಲ್ಕೈದು ವರ್ಷಗಳದ್ದು. ಮೊದಲನೆಯ ವರ್ಷವು ಒಪ್ಪಂದಗಳಿಗೂ ಅನುಮತಿಗಳಿಗೂ ಮುಗಿಯುತ್ತದೆ. ಕೊನೆಯ ವರ್ಷವು ವರದಿಗಳಿಗೆ. ನಡುವೆ ಉಳಿದ ಮೂರು ವರ್ಷಗಳಲ್ಲಿ ಇಪ್ಪತ್ತು ವರ್ಷ ಬೆಳೆಯುವ ರೋಗವನ್ನು ಹಿಡಿಯಬೇಕು! ಅನುಮತಿಗಳ ವಿಷಯ ಬಂದುದರಿಂದ ಇನ್ನೊಂದು ಮಾತು. ಔಷಧ ಪರೀಕ್ಷೆಗಳ ಬಗ್ಗೆ ಒಕ್ಕೂಟವು 2001ರಲ್ಲಿ ಮಾಡಿದ ನಿರ್ದೇಶದ ಪ್ರಕಾರ ಹದಿಮೂರು ದೇಶಗಳಲ್ಲಿ ಪರೀಕ್ಷೆ ನಡೆಯಬೇಕಾದರೆ ಹದಿಮೂರು ಸರ್ಕಾರಗಳ ಬಾಗಿಲನ್ನೂ ಬೇರೆಬೇರೆಯಾಗಿ ತಟ್ಟಬೇಕಾಗಿತ್ತು. ಔಷಧ ಕಂಪೆನಿಗಳಿಗೆ ಇದಕ್ಕೆಂದೇ ನೇಮಿಸಿದ ಜನರಿದ್ದರು. ಆಸ್ಪತ್ರೆಯ ವೈದ್ಯನಿಗೆ ಇರಲಿಲ್ಲ. ಈ ತೊಡಕನ್ನು ನೀಗಿಸುವ ಹೊಸ ಕಾಯಿದೆಯನ್ನು 2014ರಲ್ಲಿ ಮಾಡಿದರು; ಅದು ಜಾರಿಗೆ ಬಂದುದು 2022ರ ಜನವರಿ 31ರಂದು. ಈಗ ಅರ್ಜಿಗೆ ಒಂದೇ ಬಾಗಿಲು. ಒಂದು ಬಾಗಿಲನ್ನು ತೆರೆಯಲು ಎಂಟು ವರ್ಷ ಹಿಡಿಯಿತೆಂದರೆ ನಮ್ಮ ಕಚೇರಿಗಳನ್ನು ಬಲ್ಲ ವಾಚಕರು ನಸುನಗಬಹುದು.

2017ರ ಮಾರ್ಚಿನಲ್ಲಿ ಒಕ್ಕೂಟವು ವಿರಳ ರೋಗಗಳಿಗಾಗಿ 24 ಆಸ್ಪತ್ರೆ ಜಾಲಗಳನ್ನು ಸ್ಥಾಪಿಸಿತು. ಅವುಗಳಲ್ಲಿ ಮೂತ್ರಪಿಂಡದ ಜಾಲವೂ ಒಂದು. ಅದರ ಕೇಂದ್ರ ಮತ್ತೆ ಹೈಡೆಲ್‌ಬರ್ಗೇ. ರೋಗಿಯು ಊರು ಬಿಟ್ಟು ಅಲೆಯದೆ ಅವನ ಕಾಗದಪತ್ರಗಳೇ ಪರದೇಶದ ತಜ್ಞನ ಮುಂದೆ ಹೋಗುವ ಏರ್ಪಾಡು, ಜೊತೆಗೆ ಎಲ್ಲರಿಗೂ ಸೇರಿದ ಒಂದು ರಿಜಿಸ್ಟರು. ಇದು ಬಲಗೊಳ್ಳುತ್ತಿರುವಾಗಲೇ ಇಂಗ್ಲೆಂಡು ಒಕ್ಕೂಟವನ್ನು ತೊರೆಯಿತು. 2021ರ ಜನವರಿ 1ರಿಂದ ಬ್ರೈಟನ ದೇಶದ ಆಸ್ಪತ್ರೆಗಳು ಜಾಲದಿಂದ ಹೊರಬಿದ್ದುವು. ಸಂಶೋಧನೆಯ ಬೊಕ್ಕಸಕ್ಕೂ ಮೂರು ವರ್ಷ ಹೊರಗಿದ್ದು 2024ರ ಜನವರಿಯಲ್ಲಿ ಮಾತ್ರ ಮರಳಿ ಸೇರಿದುವು. ಸ್ವಿಟ್ಸರ್ಲೆಂಡಿಗೂ ರಾಜಕೀಯ ವಿವಾದದ ಮೂಲಕ ಇಂಥದೇ ಹೊರಗಿರುವಿಕೆ ಒದಗಿತ್ತು. ಸ್ವರಾಷ್ಟ್ರದ ಸ್ವಾತಂತ್ರ್ಯವನ್ನು ನಾವು ಯಾರಿಗಿಂತಲೂ ಕಡಮೆ ಆದರಿಸುವವರಲ್ಲ. ಒಂದು ರಾಷ್ಟ್ರವು ಯಾರೊಡನೆ ಕೂಡಬೇಕು, ಯಾರನ್ನು ಬಿಡಬೇಕು ಎಂಬುದು ಆ ಜನರ ಇಚ್ಛೆ. ಆದರೆ ಲಕ್ಷಕ್ಕೊಬ್ಬರಿಗೂ ಬಾರದ ರೋಗದ ಮಗುವು ಡಿಸೆಂಬರ್ 31ರಂದು ಎಷ್ಟು ಕಾಯಿಲೆಯಾಗಿತ್ತೋ ಮಾರನೆಯ ದಿನವೂ ಅಷ್ಟೇ ಕಾಯಿಲೆಯಾಗಿರುತ್ತದೆ. ರಾಷ್ಟ್ರಗಳು ಬೇರೆಯಾಗುವಾಗ ರೋಗಿಗಳ ರಿಜಿಸ್ಟರನ್ನು ಒಪ್ಪಂದದ ಹೊರಗಿಟ್ಟು ಮುಂದುವರಿಸುವ ಒಂದು ಷರತ್ತನ್ನು ಬರೆಯಲು ಇಷ್ಟು ಪಂಡಿತರಾದ ವಕೀಲರಿಗೆ ಏಕೆ ತೋಚಲಿಲ್ಲವೋ ತಿಳಿಯದು.

ಮೂತ್ರಪಿಂಡ ರೋಗದಿಂದ ಹತ್ತು ಕೋಟಿ ಯೂರೋಪಿಯನ್ನರು ಬಾಧಿತರೆಂದೂ, ಅದಕ್ಕಾಗಿ ವರ್ಷಕ್ಕೆ 14,000 ಕೋಟಿ ಯೂರೋಗಳು ವೆಚ್ಚವಾಗುವುವೆಂದೂ ಅಲ್ಲಿಯ ಮೂತ್ರಪಿಂಡ ಆರೋಗ್ಯ ಒಕ್ಕೂಟದವರ ಅಂದಾಜು. ಅದು ನಿಜವಾದರೆ ಏಳು ವರ್ಷಗಳಲ್ಲಿ ಎಲ್ಲ ಶಾಸ್ತ್ರಗಳ ಎಲ್ಲ ಸಂಶೋಧನೆಗೂ ಕೂಡಿ ಇಟ್ಟ ಹಣವು ಈ ಒಂದು ರೋಗದ ಒಂದು ವರ್ಷದ ಖರ್ಚಿಗೂ ಸಾಲದು. ಹೊರೈಜನ್ ಕಾರ್ಯಕ್ರಮದೊಳಗೆ ಐದು ಮಹಾಧ್ಯೇಯಗಳನ್ನು ಗೊತ್ತುಮಾಡಿ ಅವಕ್ಕೆ ವಿಶೇಷ ಹಣವನ್ನು ಮೀಸಲಿಟ್ಟಿದ್ದಾರೆ. ಅರ್ಬುದ ರೋಗವು ಅವುಗಳಲ್ಲಿ ಒಂದು, ಅದು ಯೋಗ್ಯವೇ. ಮೂತ್ರಪಿಂಡಕ್ಕೆ ಅಲ್ಲಿ ಸ್ಥಾನವಿಲ್ಲ.

2025ರ ಜುಲೈ ತಿಂಗಳಲ್ಲಿ ಕಮಿಷನ್ನಿನವರು 2028ರಿಂದ 2034ರವರೆಗಿನ ಸಂಶೋಧನೆಗೆ 17,500 ಕೋಟಿ ಯೂರೋಗಳ ಸೂಚನೆಯನ್ನು ಮುಂದಿಟ್ಟರು. ಅದು ಸದಸ್ಯ ರಾಷ್ಟ್ರಗಳ ಮತ್ತು ಪಾರ್ಲಿಮೆಂಟಿನ ಒಪ್ಪಿಗೆಯಿಂದ ಊರ್ಜಿತವಾಗತಕ್ಕದ್ದು. ಮೊತ್ತವು ದೊಡ್ಡದು, ಹೊಸ ಯಂತ್ರಗಳೂ, ಹೊಸ ಕೈಗಾರಿಕೆಗಳೂ, ದೇಶರಕ್ಷಣೆಯೂ ಅದರ ಮೇಲೆ ಕಣ್ಣಿಟ್ಟಿರುವುದು ಸಹಜ. ಆ ಚರ್ಚೆಯಲ್ಲಿ ಮೂತ್ರಪಿಂಡದ ವೈದ್ಯರು ಕೇಳಬೇಕಾದುದು ದೊಡ್ಡ ಮೊತ್ತವಲ್ಲವೆಂದು ನಮ್ಮ ಅಭಿಪ್ರಾಯ. ಹಳೆಯ ಔಷಧಗಳ ಪರೀಕ್ಷೆಗೆ ಪ್ರತ್ಯೇಕವಾದೊಂದು ಬಾಬ್ತು. ಐದು ವರ್ಷದ ಗ್ರಾಂಟು ಮುಗಿದ ಮೇಲೆಯೂ ಅದೇ ರೋಗಿಗಳನ್ನು ಇನ್ನು ಹದಿನೈದು ವರ್ಷ ಹಿಂಬಾಲಿಸುವ ಗುಮಾಸ್ತರಿಗೂ, ದಾದಿಯರಿಗೂ, ಶೀತಪೆಟ್ಟಿಗೆಯಲ್ಲಿಟ್ಟ ರಕ್ತಮೂತ್ರಗಳ ಮಾದರಿಗಳಿಗೂ ಒಂದು ಖಾಯಂ ಸಾಲು. ಎಸ್ಕೇಪ್ ಪರೀಕ್ಷೆಗೆ ಸೇರಿದಾಗ ಮೂರು ವರ್ಷದ್ದಾಗಿದ್ದ ಮಗುವಿಗೆ ಈಗ ಇಪ್ಪತ್ತೈದು ದಾಟಿದೆ. ಬಾಲ್ಯದಲ್ಲಿ ತಗ್ಗಿಸಿದ ಒತ್ತಡದ ಫಲ ನಡುವಯಸ್ಸಿನವರೆಗೂ ನಿಲ್ಲುವುದೇ ಎಂಬ ಪ್ರಶ್ನೆಗೆ ಉತ್ತರ ಆ 385 ಮಂದಿಯ ಮೈಯಲ್ಲಿಯೇ ಇದೆ. ಅದನ್ನು ಓದುವವನ ಸಂಬಳವನ್ನು 2028ರ ಆಯವ್ಯಯದಲ್ಲಿ ಬರೆಯಬೇಕಾಗಿದೆ.